ಜೀಪಿನ ಚಾಸಿಗೆ ಸ್ಯಾಂಡ್‌ಬ್ಲಾಸ್ಟಿಂಗ್: ಮಷೀನ್ ಕೊಳ್ಳೋದಾ, ಬಾಡಿಗೆಗೆ ತರೋದಾ?

ಜೀಪ್_ನಾಗರಬಾವಿ:

ಎಲ್ಲರಿಗೂ ನಮಸ್ಕಾರ. ಮಾವನವರ ಹಳೇ ಮಹೀಂದ್ರಾ ಎಂಎಂ 540 ಈಗ ನಮ್ಮ ಮನೆಗೆ ಬಂದಿದೆ. ಚನ್ನರಾಯಪಟ್ಟಣದ ಹತ್ತಿರ ತೋಟದಲ್ಲಿ ತೆಂಗಿನಕಾಯಿ, ಗೊಬ್ಬರ ಎಲ್ಲ ಹೊತ್ತ ಗಾಡಿ. ಪ್ಯೂಜೊ ಡೀಸೆಲ್ ಎಂಜಿನ್‌ಗೆ ಏನೂ ಆಗಿಲ್ಲ, ಇವತ್ತಿಗೂ ಚೆನ್ನಾಗಿ ಓಡುತ್ತದೆ. ತೊಂದರೆ ಇರುವುದು ಕೆಳಗೆ. ಗೊಬ್ಬರದ ಉಪ್ಪು ಕೂತು ಚಾಸಿಯ ತುಕ್ಕು ಪದರ ಪದರವಾಗಿ ಎದ್ದಿದೆ. ಡ್ರೈವರ್ ಸೀಟಿನ ಕೆಳಗಿನ ಶೀಟನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ.

ನಮ್ಮದು ನಾಗರಬಾವಿಯಲ್ಲಿ 30-40 ಸೈಟಿನ ಮನೆ. ಬಾಡಿ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ. ಬ್ಲಾಸ್ಟ್ (ಅಂದರೆ ಗಾಳಿಯ ಒತ್ತಡದಲ್ಲಿ ಮರಳಿನಂಥ ಹರಳು ಹೊಡೆದು ತುಕ್ಕು, ಪೇಂಟ್ ತೆಗೆಯುವುದು) ಆಗಬೇಕಾದದ್ದು ಚಾಸಿ, ಎರಡು ಆಕ್ಸಲ್, ಲೀಫ್ ಸ್ಪ್ರಿಂಗ್‌ಗಳು, ಐದು ವೀಲ್, ಆಮೇಲೆ ಒಂದು ಬಕೆಟ್ ತುಂಬಾ ಬ್ರಾಕೆಟ್ಟು, ಕ್ಲ್ಯಾಂಪು.

ಎಸ್.ಪಿ. ರೋಡಿನಲ್ಲಿ ವಿಚಾರಿಸಿದೆ. ಹರಳು ತುಂಬುವ 40 ಲೀಟರ್ ಪ್ರೆಶರ್ ಪಾಟ್, 2 ಎಚ್‌ಪಿ ಕಂಪ್ರೆಸರ್, ಹೋಸು, ನಾಝಲ್, ಹೆಲ್ಮೆಟ್ಟು ಎಲ್ಲ ಸೇರಿ 60 ಸಾವಿರದ ಹತ್ತಿರ ಹೇಳಿದರು. ಅಷ್ಟು ಸುರಿಯುವ ಬದಲು ಎರಡು ದಿನ ಬಾಡಿಗೆಗೆ ತಂದು ಮುಗಿಸಿ ಅನ್ನುವುದು ಮನೆಯವರ ವಾದ. ಸ್ವಂತದ್ದು ಇದ್ದರೆ ಮುಂದೆ ತಮ್ಮನ ಚೇತಕ್ ಕೂಡ ಮಾಡಬಹುದಲ್ವಾ ಅಂತ ನನ್ನ ಆಸೆ. ಮಹಡಿ ಮೇಲೆ ರೂಮು ಕಟ್ಟಿಸಿದಾಗ ಮಿಕ್ಕಿದ ಎಂ-ಸ್ಯಾಂಡ್ ಒಂದು ರಾಶಿ ಇದೆ. ಜರಡಿ ಹಿಡಿದು ಅದನ್ನೇ ಹಾಕಬಹುದಾ?

ಬನಶಂಕರಿ_2ಸ್ಟ್ರೋಕ್:

ಕೊಂಡುಬಿಡಿ ಸಾರ್. ನನ್ನ ಹತ್ತಿರ ಮೇಲೆ ಡಬ್ಬ ಇರುವ ಸಣ್ಣ ಗನ್ ಇದೆ. ಸ್ಕೂಟರಿನ ಬ್ರೇಕ್ ಪೆಡಲ್, ಸ್ಟ್ಯಾಂಡು, ಕಾರ್ಬ್ಯುರೇಟರ್ ಬಾಡಿ ಎಲ್ಲ ಅದರಲ್ಲೇ ಆಗಿದೆ. ಸಾಮಾನು ಮನೆಯಲ್ಲಿದ್ದರೆ ಭಾನುವಾರ ಮನಸ್ಸು ಬಂದಾಗ ಮಾಡಬಹುದು. ಯಾರ ಕಾಲೂ ಹಿಡಿಯಬೇಕಿಲ್ಲ.

ಪೀಣ್ಯ_ಹಳಬ:

ಮೊದಲು ಎಂ-ಸ್ಯಾಂಡ್ ವಿಷಯ ಮುಗಿಸೋಣ. ಬೇಡ. ಅದು ಗ್ರಾನೈಟ್ ಜಾತಿಯ ಕಲ್ಲನ್ನೇ ಪುಡಿ ಮಾಡಿದ್ದು, ಸಿಲಿಕಾ ತುಂಬಾ ಇರುತ್ತದೆ. ಗಾಳಿಯ ಒತ್ತಡಕ್ಕೆ ಕಬ್ಬಿಣಕ್ಕೆ ಬಡಿದು ಒಡೆದಾಗ ಕಣ್ಣಿಗೇ ಕಾಣದ ಧೂಳಾಗುತ್ತದೆ. ಅದು ಎದೆಗೆ ಇಳಿದರೆ ಸಿಲಿಕೋಸಿಸ್. ವಾಸಿಯಾಗುವ ಕಾಯಿಲೆ ಅಲ್ಲ. ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಮರಳು ಹಾಕಿ ಬ್ಲಾಸ್ಟ್ ಮಾಡುವುದು 1950ರಲ್ಲೇ ನಿಂತಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೂ ಸಿಲಿಕೋಸಿಸ್ ಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಹೊಳೆ ಮರಳಿಗೂ ಇದೇ ಮಾತು. ಮೆಡಿಕಲ್ ಸ್ಟೋರಿನ ಮಾಸ್ಕ್ ಇದಕ್ಕೆ ಸಾಲದು. ಆ ರಾಶಿಯಲ್ಲಿ ಹಿತ್ತಲಿಗೆ ಒಂದು ಕಟ್ಟೆ ಕಟ್ಟಿಸಿ. ಹಾಕುವುದಾದರೆ ಗಾರ್ನೆಟ್ ಹಾಕಿ. ತಮಿಳುನಾಡಿನ ಕರಾವಳಿಯಲ್ಲಿ ಸಿಗುವ ಕೆಂಪು ಹರಳು ಅದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಬಹಳ ವರ್ಷ ಈ ಕೆಲಸ ಮಾಡಿಸಿದವನು ನಾನು, ಈಗ ರಿಟೈರ್ಡ್. ಬರುವವರೆಲ್ಲ ಪಾಟ್ ಎಷ್ಟು ಲೀಟರ್, ಗನ್ ಯಾವ ಕಂಪನಿ ಅಂತ ಕೇಳುತ್ತಾರೆ. ಗಾಳಿ ಎಷ್ಟು ಬೇಕು ಅಂತ ಕೇಳುವವರು ಕಡಿಮೆ. ಕೆಲಸ ಮಾಡುವುದು ಗಾಳಿ. ಪಾಟ್ ಬರೀ ಡಬ್ಬ.

ಲೆಕ್ಕ ಹೇಳುತ್ತೇನೆ, ನೋಡಿ. 3/16 ಇಂಚಿನ ನಾಝಲ್‌ಗೆ 80 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 38 ಘನ ಅಡಿ ಗಾಳಿ ಬೇಕು. 1/8 ಇಂಚಿನದಕ್ಕೆ 17. 1/4 ಇಂಚಿಗೆ ಹೋದರೆ 68. ನಿಮಗೆ ಹೇಳಿರುವ 2 ಎಚ್‌ಪಿ ಕಂಪ್ರೆಸರ್ ಎಷ್ಟೇ ಚೆನ್ನಾಗಿದ್ದರೂ ಕೊಡುವುದು ಆರೇಳು ಘನ ಅಡಿ. ಟ್ಯಾಂಕು 150 ಲೀಟರ್ ಅಂತ ಇಟ್ಟುಕೊಳ್ಳಿ. 3/16 ನಾಝಲ್ ಹಾಕಿ ಟ್ರಿಗರ್ ಒತ್ತಿದರೆ ಅರ್ಧ ನಿಮಿಷದೊಳಗೆ ಒತ್ತಡ ಇಳಿಯುತ್ತದೆ, ಗಾರ್ನೆಟ್ ಬುಳುಬುಳು ಅಂತ ಉದುರಲು ಶುರು. ಆಮೇಲೆ ಎರಡು ಮೂರು ನಿಮಿಷ ಕಾಯಬೇಕು. ಮತ್ತೆ ಅರ್ಧ ನಿಮಿಷ. ಒಂದು ಬ್ರಾಕೆಟ್‌ಗೆ ಪರವಾಗಿಲ್ಲ. ಜೀಪಿನ ಚಾಸಿಗೆ ಇದು ಆಗುವ ಹೋಗುವ ಮಾತಲ್ಲ. ಅಷ್ಟು ಹೊತ್ತು ಬಿಡದೆ ಓಡಿದರೆ ಕಂಪ್ರೆಸರ್ ಹೆಡ್ಡು ಕಾದು, ಗಾಳಿಯ ಜೊತೆ ನೀರೂ ಬರುತ್ತದೆ. ಗಾರ್ನೆಟ್ ಒದ್ದೆಯಾಗಿ ಹೋಸಿನಲ್ಲಿ ಕಟ್ಟಿಕೊಂಡಿತು ಅಂದರೆ ಇಡೀ ಸಂಜೆ ಅದನ್ನು ಬಿಚ್ಚಿ ಬಡಿಯುವುದೇ ಕೆಲಸ.

ನಿಜವಾಗಿ ಬೇಕಾದದ್ದು 10 ಎಚ್‌ಪಿ. ಅದಕ್ಕೆ ತ್ರೀ ಫೇಸ್ ಬೇಕು, ಬೆಸ್ಕಾಂನಲ್ಲಿ ಲೋಡ್ ಜಾಸ್ತಿ ಮಾಡಿಸಬೇಕು. ಒಂದು ಚಾಸಿಗೋಸ್ಕರ ಯಾರು ಮಾಡಿಸುತ್ತಾರೆ? ಬನಶಂಕರಿಯವರು ಹೇಳಿದ್ದು ಸುಳ್ಳಲ್ಲ. ಅವರು ಮಾಡಿದ್ದು ಪೆಡಲ್ಲು, ನಿಮ್ಮದು ಚಾಸಿ, ಅಷ್ಟೇ ವ್ಯತ್ಯಾಸ.

ಇನ್ನು ಬಾಡಿಗೆ. ಬರೀ ಪಾಟ್ ಬಾಡಿಗೆಗೆ ತಂದರೆ ಗಾಳಿಯ ಕಥೆ ಹಾಗೇ ಉಳಿಯುತ್ತದೆ. ದೊಡ್ಡ ಡೀಸೆಲ್ ಕಂಪ್ರೆಸರ್ ತಂದರೆ ಗಾಳಿ ಬೇಕಾದಷ್ಟು ಸಿಗುತ್ತದೆ, ಆದರೆ ಅದನ್ನು ನಾಗರಬಾವಿಯ ಅಡ್ಡರಸ್ತೆಯಲ್ಲಿ ನಿಲ್ಲಿಸಿ ಓಡಿಸಿದರೆ ಅಕ್ಕಪಕ್ಕದವರು ಸುಮ್ನೆ ಇರುತ್ತಾರಾ? 3/16 ನಾಝಲ್ ಗಂಟೆಗೆ 100 ಕಿಲೋದಷ್ಟು ಗಾರ್ನೆಟ್ ಉಗುಳುತ್ತದೆ. 25 ಕಿಲೋದ ನಾಲ್ಕು ಮೂಟೆ. ಟಾರ್ಪಾಲು ಕಟ್ಟಿದರೂ ಧೂಳು ಎದುರು ಮನೆಯ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಮೇಲೆ ಕೂರುತ್ತದೆ. ಹಳೇ ಗಾಡಿ ಪೇಂಟಿನಲ್ಲಿ ಸೀಸ ಇರಬಹುದು, ಅದೂ ಆ ಧೂಳಿನಲ್ಲೇ.

ಇನ್ನೊಂದು ಪ್ರಶ್ನೆ. ನಿಮ್ಮ ಸಂಪ್ ಎಲ್ಲಿದೆ?

ಜೀಪ್_ನಾಗರಬಾವಿ:

ಸಂಪ್ ಕಾರ್ ಪಾರ್ಕಿಂಗ್ ಕೆಳಗೇ ಇದೆ ಸಾರ್. ಚಾಸಿ ಈಗ ನಿಂತಿರುವುದು ಸರಿಯಾಗಿ ಅದರ ಮುಚ್ಚಳದ ಮೇಲೆ. ಇದು ನನಗೆ ಹೊಳೆದೇ ಇರಲಿಲ್ಲ. ಮನೆಯವರಿಗೆ ಓದಿ ಹೇಳಿದೆ, ಅಲ್ಲಿಗೆ ಪಾರ್ಕಿಂಗ್‌ನಲ್ಲಿ ಬ್ಲಾಸ್ಟ್ ಮಾಡುವ ಮಾತು ಮುಗಿಯಿತು.

ಆದರೆ ದೊಡ್ಡ ಕಂಪ್ರೆಸರ್ ಅಂದಿರಲ್ಲ, ಪಾಯ ತೋಡುವಾಗ ಬಂಡೆ ಒಡೆಯಲು ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಬರುತ್ತಾರಲ್ಲ, ಅದನ್ನೇ ಊರ ಹೊರಗೆ ಎಲ್ಲಾದರೂ ತರಿಸಿದರೆ ಹೇಗೆ?

ತಾವರೆಕೆರೆ_ತೋಟ:

ಅದನ್ನೇ ನಾವು ಮಾಡಿದ್ದು. ನನ್ನದೊಂದು ವಿಲ್ಲೀಸ್, ಗೆಳೆಯರ ಎರಡು ಗಾಡಿ, ಮೂರೂ ಸೇರಿಸಿ ತೋಟದಲ್ಲಿ ಒಂದೇ ದಿನ. ಟ್ರ್ಯಾಕ್ಟರಿನವರಿಗೆ ದಿನಬಾಡಿಗೆ, ಡೀಸೆಲ್ ನಮ್ಮದು. ಪಾಟ್ ಮತ್ತು ಗಾಳಿ ಬರುವ ಹುಡ್ ಸಿಕ್ಕಿದ್ದು ಒಬ್ಬ ಪೇಂಟಿಂಗ್ ಕಾಂಟ್ರಾಕ್ಟರ್ ಹತ್ತಿರ. ಅವರು ಟ್ಯಾಂಕು, ಟವರು ಬ್ಲಾಸ್ಟ್ ಮಾಡುವವರು. ಸಾಮಾನು ಬರೀ ಕೊಡಲ್ಲ ಅಂದರು. ಒಬ್ಬ ಹುಡುಗನನ್ನೂ ಜೊತೆಗೆ ಕಳಿಸಿದರು. ಅದೇ ಒಳ್ಳೆಯದಾಯಿತು. ಅವನ ಕೈ ಓಡುವ ವೇಗಕ್ಕೆ ನಾವು ಗಾರ್ನೆಟ್ ಸುರಿಯುವುದೇ ಸರಿಹೋಯಿತು.

ಬಾಡಿಗೆ ಅಂದರೆ ಗಡಿಯಾರ ಓಡುತ್ತಿರುತ್ತದೆ, ಇದು ನೆನಪಿರಲಿ. ಮಷೀನ್ ಬರುವ ಹೊತ್ತಿಗೆ ಎಲ್ಲ ಬಿಚ್ಚಿ, ಗ್ರೀಸು ಕೆರೆದು, ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಸಾಲಾಗಿ ಇಟ್ಟಿರಬೇಕು. ಗ್ರೀಸ್ ಮೇಲೆ ಗಾರ್ನೆಟ್ ಹೊಡೆದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ, ಗ್ರೀಸ್ ಹೋಗಲ್ಲ. ನಮ್ಮಲ್ಲಿ ಒಬ್ಬರು ಅಲ್ಲಿಗೆ ಬಂದಮೇಲೆ ಲೀಫ್ ಸ್ಪ್ರಿಂಗ್ ಹಿಡಿದಿರುವ ಶ್ಯಾಕಲ್ ಬೋಲ್ಟ್ ಬಿಚ್ಚಲು ಕೂತರು. ಅವು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು, ಬೆಳಗ್ಗಿನ ಹೊತ್ತೆಲ್ಲ ಅದರಲ್ಲೇ ಹೋಯಿತು. ಕಂಪ್ರೆಸರ್ ಪಾಡಿಗೆ ಅದು ಗುಡುಗುಡು ಅಂತ ಡೀಸೆಲ್ ಕುಡಿಯುತ್ತಿತ್ತು.

ಮೂರು ಗಾಡಿಗೆ ಹಂಚಿದ್ದಕ್ಕೆ ಗಿಟ್ಟಿತು. ಒಂದೇ ಗಾಡಿಗೆ ನಾನಾದರೆ ತರಿಸುತ್ತಿರಲಿಲ್ಲ.

ಪೀಣ್ಯ_ಹಳಬ:

ತಾವರೆಕೆರೆಯವರು ಹೇಳಿದ್ದು ಸರಿ. ಜಾಗ ಇದ್ದು, ಜೊತೆಗೆ ಜನ ಇದ್ದರೆ ಬಾಡಿಗೆ. ನಿಮಗೆ ಎರಡೂ ಇಲ್ಲ. ಆದ್ದರಿಂದ ನಾನು ಹೇಳುವುದು ಮೂರನೇ ದಾರಿ: ಚಾಸಿ, ಆಕ್ಸಲ್, ಸ್ಪ್ರಿಂಗ್, ವೀಲ್ ಎಲ್ಲ ಜಾಬ್‌ವರ್ಕ್‌ಗೆ ಕೊಡಿ. ಪೀಣ್ಯ, ಕಾಮಾಕ್ಷಿಪಾಳ್ಯ, ಬೊಮ್ಮಸಂದ್ರ, ಎಲ್ಲ ಕಡೆ ಮಾಡುವವರಿದ್ದಾರೆ. ಕೆಲವರು ಕಿಲೋ ಲೆಕ್ಕದಲ್ಲಿ, ಕೆಲವರು ಪೀಸ್ ಲೆಕ್ಕದಲ್ಲಿ ಹೇಳುತ್ತಾರೆ. ಎರಡು ಮೂರು ಕಡೆ ಕೇಳಿ. ನೀವು ಹೇಳಿದ 60 ಸಾವಿರದ ಹತ್ತಿರಕ್ಕೂ ಅದು ಬರುವುದಿಲ್ಲ. ಚಾಸಿ ಟಾಟಾ ಏಸ್‌ನಲ್ಲಿ ಹಿಡಿಸಲ್ಲ, ಹಿಂದೆ ಬಾಲದ ಹಾಗೆ ಚಾಚುತ್ತದೆ. ಬೊಲೆರೊ ಪಿಕಪ್ ಮಾಡಿಕೊಳ್ಳಿ.

ಕೊಡುವ ಮೊದಲು ಮಾಡಲೇಬೇಕಾದದ್ದು ಒಂದಿದೆ. ಚಾಸಿ ಮೇಲೆ ಕೊರೆದ ನಂಬರ್. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ಆಗ ಆರ್‌ಟಿಒದಲ್ಲಿ ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಆ ನಂಬರ್. ತುಕ್ಕಿನಲ್ಲಿ ಅದು ಈಗಾಗಲೇ ಸವೆದಿರುತ್ತದೆ. ಅದರ ಮೇಲೆ ಗ್ರಿಟ್ ಹೊಡೆದರೆ ಅಂಚು ಹೋಗಿ ಓದಲು ಬರದಂತಾಗುತ್ತದೆ. ಮೊದಲು ಕೈಯಲ್ಲೇ ಬ್ರಷ್ ಹಾಕಿ ಉಜ್ಜಿ, ಫೋಟೋ ತೆಗೆಯಿರಿ, ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಹಳೇ ಟ್ಯೂಬ್ ರಬ್ಬರಿನ ತುಂಡು ಇಟ್ಟು, ಮೇಲೆ ಬಟ್ಟೆ ಟೇಪ್ ನಾಲ್ಕೈದು ಸುತ್ತು ಬಿಗಿಯಿರಿ. ಬರೀ ಮಾಸ್ಕಿಂಗ್ ಟೇಪ್ ಕ್ಷಣದಲ್ಲಿ ಹರಿದುಹೋಗುತ್ತದೆ, ರಬ್ಬರ್ ಆದರೆ ಪುಟಿಸುತ್ತದೆ. ಪೌಡರ್ ಕೋಟಿಂಗ್ ಮಾಡಿಸುವುದಾದರೂ ಆ ಜಾಗ ಬಿಡಲು ಹೇಳಿ. ದಪ್ಪಗೆ ಕೂತು ಅಕ್ಷರ ತುಂಬಿಕೊಳ್ಳುತ್ತದೆ.

ಶೆಡ್ಡಿನವರಿಗೆ "ಎಸ್‌ಎ ಎರಡೂವರೆ ಬೇಕು" ಅಂತ ಹೇಳಿ, ಅವರಿಗೆ ಗೊತ್ತಾಗುತ್ತದೆ. ತುಕ್ಕು, ಪೇಂಟ್ ಎಲ್ಲ ಹೋಗಿ ಅಲ್ಲಲ್ಲಿ ತೆಳು ಕಲೆ ಮಾತ್ರ ಉಳಿಯುವ ಮಟ್ಟ ಅದು. ಬಾನೆಟ್, ಫೆಂಡರ್ ಯಾವುದನ್ನೂ ಸ್ಟೀಲ್ ಶಾಟ್ (ಸಣ್ಣ ಉಕ್ಕಿನ ಗುಂಡು) ಎಸೆಯುವ ವೀಲ್ ಮಷೀನ್‌ಗೆ ಹಾಕಲು ಬಿಡಬೇಡಿ. ತೆಳು ಶೀಟ್ ಅಲೆ ಅಲೆಯಾಗಿ ಬಗ್ಗಿದರೆ ಯಾವ ಟಿಂಕರ್ ಕೈಯಲ್ಲೂ ಸರಿಯಾಗುವುದಿಲ್ಲ. ಬಾಡಿ ಶೀಟಿಗೆ ಪೇಂಟ್ ರಿಮೂವರ್ ಮತ್ತು ತಾಳ್ಮೆ ಸಾಕು. ಆಕ್ಸಲ್ ಕೊಡುವಾಗ ಆಯಿಲ್ ಸೀಲ್ ಜಾಗ, ಬ್ರೀದರ್ ತೂತು ಎಲ್ಲ ಮುಚ್ಚಿ. ಡಿಫರೆನ್ಷಿಯಲ್ ಒಳಗೆ ಒಂದು ಚಮಚ ಗಾರ್ನೆಟ್ ಹೋದರೂ ಬೇರಿಂಗ್ ತಿಂದು ಮುಗಿಸುತ್ತದೆ.

ವಾಪಸ್ ತಂದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಶೆಡ್ಡಿನಲ್ಲೇ ಹೊಡೆಸಿದರೆ ಇನ್ನೂ ಒಳ್ಳೆಯದು. ಈಗ ಮಳೆಗಾಲ. ಬರಿಗಬ್ಬಿಣ ರಾತ್ರಿ ಕಳೆಯುವುದರಲ್ಲಿ ಕೆಂಪಗಾಗಿರುತ್ತದೆ. ಬೆಳ್ಳಗೆ ಬಂದದ್ದನ್ನು ಬರಿಗೈಯಲ್ಲಿ ಮುಟ್ಟಲೂಬೇಡಿ, ಬೆರಳಚ್ಚು ಬಿದ್ದಲ್ಲೇ ತುಕ್ಕು ಏಳುತ್ತದೆ.

ಬನಶಂಕರಿ_2ಸ್ಟ್ರೋಕ್:

ಒಪ್ಪಿದೆ. ಆದರೂ ಕಂಪ್ರೆಸರ್ ಕೊಳ್ಳಬೇಡಿ ಅಂತ ಯಾರೂ ಹೇಳಲಿಲ್ಲವಲ್ಲ! ಪೇಂಟ್ ಹೊಡೆಯಲು ಹೇಗೂ ಬೇಕು. ಸಿಂಗಲ್ ಫೇಸ್ 3 ಎಚ್‌ಪಿ ನೋಡಿ. ಬಕೆಟ್ಟಿನಲ್ಲಿರುವ ಆ ಸಣ್ಣ ಬ್ರಾಕೆಟ್‌ಗಳಿಗೆ ಕೈ ಹಾಕಿ ಮಾಡುವ ಮುಚ್ಚಿದ ಕ್ಯಾಬಿನೆಟ್ ಒಂದು ತಂದರೆ ಧೂಳೂ ಹೊರಗೆ ಬರಲ್ಲ. ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಬೇಡ ಅನ್ನಿಸಿದ ದಿನ ಕಂಪ್ರೆಸರ್ ಪಂಕ್ಚರ್ ಅಂಗಡಿಯವರು ಕಣ್ಣು ಮುಚ್ಚಿ ತಗೋತಾರೆ.

ಮಂಡ್ಯ_ಬುಲೆಟ್:

ಸಣ್ಣ ಸಾಮಾನಿಗೆ ಕ್ಯಾಬಿನೆಟ್ಟೂ ಬೇಡ. ಕಾಕಂಬಿ! ಸಕ್ಕರೆ ಕಾರ್ಖಾನೆಯ ಮೊಲಾಸಿಸ್, ದನದ ಮೇವಿಗೆ ಅಂತ ಸಿಗುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು ಮೂರು ವಾರ ಮುಳುಗಿಸಿಡಿ. ತುಕ್ಕು ಮಾತ್ರ ತಿನ್ನುತ್ತದೆ, ಒಳ್ಳೆ ಕಬ್ಬಿಣಕ್ಕೆ ಹೆಚ್ಚು ಕೈ ಹಾಕಲ್ಲ. ಪೇಂಟ್, ಗ್ರೀಸ್ ಮೊದಲೇ ತೆಗೆದಿರಬೇಕು. ಅಲ್ಯೂಮಿನಿಯಂ ಸಾಮಾನು ಹಾಕಬೇಡಿ, ತಿಂದುಬಿಡುತ್ತದೆ. ವಾಸನೆ ಬಗ್ಗೆ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಜೀಪ್_ನಾಗರಬಾವಿ:

ಎಲ್ಲರಿಗೂ ಥ್ಯಾಂಕ್ಸ್. ಪಾಟ್ ಕೊಳ್ಳಲ್ಲ, ಬಾಡಿಗೆಗೂ ತರಲ್ಲ. ದೊಡ್ಡದೆಲ್ಲ ಪೀಣ್ಯಕ್ಕೆ. 3 ಎಚ್‌ಪಿ ಕಂಪ್ರೆಸರ್ ಮಾತ್ರ ಪೇಂಟಿಂಗ್ ನೆಪದಲ್ಲಿ ಮಂಜೂರಾಗಿದೆ. ಕಾಕಂಬಿ ಡ್ರಮ್ ಮಹಡಿ ಮೇಲೆ ಇಡಲು ಅನುಮತಿ ಸಿಕ್ಕಿದೆ, ಮುಚ್ಚಳ ಇರಬೇಕು ಅನ್ನುವ ಷರತ್ತಿನ ಮೇಲೆ.

ಕೊನೆಯ ಅನುಮಾನ: ಚಾಸಿಯಲ್ಲಿ ಪೆಟ್ಟಿಗೆ ಹಾಗೆ ಮುಚ್ಚಿದ ಭಾಗಗಳ ಒಳಗಿನ ತುಕ್ಕಿಗೆ ಏನು ಮಾಡೋದು? ಬ್ಲಾಸ್ಟ್ ಅಲ್ಲಿಗೆ ತಲುಪಲ್ಲ ಅಲ್ವಾ?

ಪೀಣ್ಯ_ಹಳಬ:

ತಲುಪಲ್ಲ. ಅದೂ ಅಲ್ಲದೆ ಒಂದಷ್ಟು ಗಾರ್ನೆಟ್ ಅಲ್ಲೇ ಒಳಗೆ ಸೇರಿಕೊಳ್ಳುತ್ತದೆ. ಪ್ರೈಮರ್‌ಗೆ ಮುಂಚೆ ಚಾಸಿಯನ್ನು ಮಗುಚಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಎಲ್ಲ ತೂತಿಗೂ ಗಾಳಿ ಹೊಡೆಯಿರಿ. ಇಲ್ಲದಿದ್ದರೆ ಟಾಪ್ ಕೋಟ್ ಹೊಡೆಯುವಾಗ ಒಂದೊಂದೇ ಹರಳು ಉದುರಿ ಹಸಿ ಪೇಂಟ್ ಮೇಲೆ ಕೂರುತ್ತದೆ. ಆಮೇಲೆ ಉದ್ದ ಟ್ಯೂಬ್ ಇರುವ ಸ್ಪ್ರೇಯಿಂದ ಒಳಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ) ಬಿಡಿ. ಪೇಂಟ್ ಎಲ್ಲ ಒಣಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಒಳಭಾಗಕ್ಕೆ ತೇವ ತಾಗದಂತೆ ಹೊಡೆಯುವ ಮೇಣ. ಕೆಳಗಿನ ನೀರು ಹೋಗುವ ತೂತುಗಳನ್ನು ಮಾತ್ರ ವ್ಯಾಕ್ಸ್‌ನಿಂದ ಮುಚ್ಚಬೇಡಿ, ತಂತಿ ಹಾಕಿ ಬಿಡಿಸಿಡಿ.