ನಾಲ್ಕು ಗುಂಡು, ಐದು ಜನ

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಹಳೆಮನೆ’. ಅದನ್ನು ಕಟ್ಟಿದವರು ತೀರ್ಥಹಳ್ಳಿಯ ದೊಡ್ಡಪ್ಪ, ನಿವೃತ್ತ ಕನ್ನಡ ಮೇಷ್ಟರು. ಅರ್ಧ ಕತ್ತರಿಸಿದ ಪದ, ಇಂಗ್ಲಿಷ್ ಅಕ್ಷರದ ಕನ್ನಡ ಕಂಡರೆ ಸಂದೇಶವನ್ನೇ ಅಳಿಸಿಬಿಡುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳವೂ ಪೂರ್ಣವಿರಾಮ ಇಟ್ಟುಕೊಂಡೇ ನಡೆಯುತ್ತದೆ. ‘ದಿ ಮಿಸ್ಟ್’ ಎಂಬ 2007ರ ಸಿನಿಮಾವನ್ನು ನೋಡಿ ಎಂದು ಕಳೆದ ವಾರ ಅಲ್ಲಿ ಬರೆದವನು ನಾನು. ಶನಿವಾರ ಸಂಜೆ ಅದರ ಫಲ ಬಂತು. ಹಬ್ಬದ ಶುಭಾಶಯ, ಹಪ್ಪಳದ ಲೆಕ್ಕ ಇತ್ಯಾದಿಗಳನ್ನು ಬಿಟ್ಟು ಉಳಿದದ್ದನ್ನು ಇಲ್ಲಿ ಇಳಿಸಿದ್ದೇನೆ.

ಸುಮಾ ಅತ್ತೆ, 7:41: ವಿನಯ, ನಿನ್ನ ಸಿನಿಮಾ ನೋಡಿ ಮುಗಿಸಿದೆ. ಎದುರಿಗೆ ಸಿಗು, ವಿಚಾರಿಸಿಕೊಳ್ಳುತ್ತೇನೆ. ಎರಡು ಗಂಟೆ ಆ ತಂದೆ ಮಗನನ್ನು ಅವಚಿಕೊಂಡು ಕಾಪಾಡುತ್ತಾನೆ, ಕೊನೆಗೆ ತನ್ನ ಕೈಯಾರೆ ಕೊಲ್ಲುತ್ತಾನೆ. ಅವನ ಕಣ್ಣೀರು ಆರುವ ಮೊದಲೇ ಸೇನೆ ಬರುತ್ತದೆ. ಇದನ್ನು ಕಥೆ ಎನ್ನುತ್ತಾರೆಯೇ?

ಗಿರೀಶ ಭಾವ, 7:43: ಅತ್ತೆ, ನಾನು ಇನ್ನೂ ಅರ್ಧ ನೋಡಿದ್ದೆ!

ಸುಮಾ ಅತ್ತೆ, 7:44: ಬಂದು ಇಷ್ಟು ವರ್ಷವಾದ ಸಿನಿಮಾ. ನಿಮಗಾಗಿ ಇನ್ನೆಷ್ಟು ಕಾಯಲಿ?

ಅಮ್ಮ, 7:46: ನಾನು ನೋಡಿಲ್ಲ, ನೋಡುವುದೂ ಇಲ್ಲ. ಕಥೆ ಏನೆಂದು ಯಾರಾದರೂ ಹೇಳಿ.

ನಾನು, 7:53: ಅಮೆರಿಕದ ಮೇನ್ ರಾಜ್ಯದ ಬ್ರಿಡ್ಜ್‌ಟನ್ ಎಂಬ ಸಣ್ಣ ಊರು. ರಾತ್ರಿಯ ಬಿರುಗಾಳಿಗೆ ಮರ ಉರುಳಿದೆ, ಕರೆಂಟ್ ಇಲ್ಲ. ಸಿನಿಮಾ ಪೋಸ್ಟರ್ ಬರೆಯುವ ಡೇವಿಡ್ ಚಿಕ್ಕ ಮಗನನ್ನು ಕರೆದುಕೊಂಡು ದಿನಸಿ ತರಲು ಸೂಪರ್‌ಮಾರ್ಕೆಟ್‌ಗೆ ಹೋಗುತ್ತಾನೆ. ಮೂಗಿನಿಂದ ರಕ್ತ ಸುರಿಸುತ್ತ ಒಬ್ಬಾತ ಓಡಿ ಬಂದು, ಮಂಜಿನೊಳಗೆ ಏನೋ ಇದೆ, ಬಾಗಿಲು ಮುಚ್ಚಿ ಎನ್ನುತ್ತಾನೆ. ಹಾಲಿನಂಥ ಮಂಜು ಅಂಗಡಿಯ ಗಾಜಿಗೆ ಬಂದು ಒರಗುತ್ತದೆ. ಒಬ್ಬ ತಾಯಿ ಮಾತ್ರ ಒಳಗೆ ನಿಲ್ಲಲು ಒಪ್ಪುವುದಿಲ್ಲ. ಎಂಟು ವರ್ಷದ ಮಗಳ ಕೈಗೆ ಅವಳ ತಮ್ಮನನ್ನು ಒಪ್ಪಿಸಿ ಬಂದಿದ್ದಾಳೆ. ಮನೆಯವರೆಗೆ ಯಾರಾದರೂ ಬನ್ನಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾಳೆ. ಯಾರೂ ಕದಲುವುದಿಲ್ಲ. ಒಬ್ಬಳೇ ಹೊರಟುಹೋಗುತ್ತಾಳೆ. ಆಮೇಲೆ ರಾಕ್ಷಸ ಜಂತುಗಳು ಶುರು.

ಅಮ್ಮ, 7:55: ಆ ತಾಯಿ ಏನಾದಳು?

ದೊಡ್ಡಪ್ಪ, 7:56: ಮಂಜು ಎಂದರೆ ಹಿಮವೂ ಆಗುತ್ತದೆ. ಅದಕ್ಕೆ ಕಾವಳ ಎಂಬ ಒಳ್ಳೆಯ ಕನ್ನಡ ಪದವಿದೆ, ಬಳಸಿ.

ಗಿರೀಶ ಭಾವ, 8:02: ನನ್ನ ತಕರಾರು ಬೇರೆ. ಮುಂಭಾಗವೆಲ್ಲ ಗಾಜು ಇರುವ ಕಟ್ಟಡ, ಅದಕ್ಕೆ ಅಡ್ಡವಾಗಿ ನಾಯಿ ಆಹಾರದ ಚೀಲಗಳನ್ನು ಪೇರಿಸುತ್ತಾರೆ. ಸರಿ, ಒಪ್ಪೋಣ. ರಾತ್ರಿ ದೀಪ ಹಚ್ಚುತ್ತಾರಲ್ಲ, ಅದು ಯಾವ ಬುದ್ಧಿ? ನಮ್ಮ ಕಡೆ ಮಳೆಗಾಲದಲ್ಲಿ ದೀಪಕ್ಕೆ ಹುಳು ಮುತ್ತುವುದು ಮಗುವಿಗೂ ಗೊತ್ತು. ಮೊದಲು ಮೊಳದುದ್ದದ ಹುಳುಗಳು ಗಾಜಿಗೆ ಬಂದು ಕೂರುತ್ತವೆ, ಹುಳು ತಿನ್ನಲು ರೆಕ್ಕೆಯ ಜಂತುಗಳು ಬರುತ್ತವೆ, ಗಾಜು ಒಡೆಯುತ್ತದೆ. ಆದರೆ ಹಗ್ಗದ ದೃಶ್ಯ ಮಾತ್ರ ಅದ್ಭುತ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂದೂಕು ತರಲು ಹೋದವನು ಕಾಣುವುದಿಲ್ಲ, ಹಗ್ಗ ಮಾತ್ರ ಕೈಯಿಂದ ಜಾರುತ್ತ ಹೋಗುತ್ತದೆ. ಎಳೆದರೆ ಅರ್ಧ ದೇಹ.

ಸಂಧ್ಯಾ, 8:06: ನಾನು ಇಂದು ರಾತ್ರಿ ಹತ್ತರ ಬಸ್ಸಿಗೆ ಬೆಂಗಳೂರಿನಿಂದ ಹೊರಡುತ್ತಿದ್ದೇನೆ. ತೀರ್ಥಹಳ್ಳಿ ತಲುಪುವಾಗ ಬೆಳಗಿನ ನಾಲ್ಕೂವರೆ. ಎರಡು ಚೀಲಗಳಿವೆ. ನಿಲ್ದಾಣಕ್ಕೆ ಯಾರು ಬರುತ್ತೀರಿ?

ನಾನು, 8:07: ಭಾವ, ಜಂತುಗಳು ಕಂಪ್ಯೂಟರಿನಲ್ಲಿ ಮಾಡಿದವು ಎಂದು ಗೊತ್ತಾಗಿಬಿಡುತ್ತದೆ, ಅದೇ ಕೊರತೆ. ಖರ್ಚು ಸುಮಾರು 1 ಕೋಟಿ 80 ಲಕ್ಷ ಡಾಲರ್ ಅಷ್ಟೇ. ಹಾಲಿವುಡ್‌ಗೆ ಅದು ಚಿಲ್ಲರೆ. ನಿರ್ದೇಶಕ ಫ್ರಾಂಕ್ ಡರಾಬಾಂಟ್‌ಗೆ ಇಷ್ಟವಾದದ್ದು ಕಪ್ಪು ಬಿಳುಪಿನ ಆವೃತ್ತಿ. ಡಿವಿಡಿಯಲ್ಲಿ ಅದೂ ಬಂದಿದೆ. ಅದರಲ್ಲಿ ಬಣ್ಣದ ಮೋಸ ಮುಚ್ಚಿಹೋಗಿ ಹೆದರಿಕೆ ಇಮ್ಮಡಿಯಾಗುತ್ತದೆ.

ಅಕ್ಷತಾ, 8:15: ಬಾಸ್ಟನ್‌ನಿಂದ ಬೆಳಗಿನ ನಮಸ್ಕಾರ. ಬ್ರಿಡ್ಜ್‌ಟನ್ ನಿಜವಾದ ಊರು. ಆದರೆ ಚಿತ್ರೀಕರಣ ನಡೆದದ್ದು ದಕ್ಷಿಣದ ಲೂಯಿಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ.

ನಾಗರಾಜ ಚಿಕ್ಕಪ್ಪ, 8:31: ಪೂಜೆ ಮುಗಿಸಿ ಈಗ ನೋಡುತ್ತಿದ್ದೇನೆ. ಸಿನಿಮಾದವರಿಗೆ ದೇವರ ಹೆಸರು ಹೇಳುವವರೇ ಏಕೆ ದುಷ್ಟರಾಗಿ ಸಿಗುತ್ತಾರೆ? ಆ ಕಾರ್ಮೋಡಿ ಎಂಬ ಹೆಂಗಸನ್ನು ಮೊದಲಿನಿಂದಲೂ ಹುಚ್ಚಿಯಂತೆ ತೋರಿಸಿದ್ದಾರೆ.

ಸುಮಾ ಅತ್ತೆ, 8:33: ನಾಗಣ್ಣ, ಅವಳು ದೇವರ ಹೆಸರು ಹೇಳಿದ್ದಕ್ಕಲ್ಲ, ಬಲಿ ಕೇಳಿದ್ದಕ್ಕೆ ದುಷ್ಟಳು. ಮೊದಲ ದಿನ ಅವಳನ್ನು ಕಂಡು ನಕ್ಕವರೇ ಆಮೇಲೆ ಒಬ್ಬ ಸೈನಿಕನನ್ನು ಚುಚ್ಚಿ ಬಾಗಿಲ ಹೊರಗೆ ದೂಡಿದರು. ಹುಳುವೊಂದು ಅವಳ ಮೈಮೇಲೆ ಕುಳಿತು ಕಚ್ಚದೆ ಹಾರಿಹೋಯಿತು, ಅಷ್ಟಕ್ಕೇ ಅವಳು ದೇವದೂತೆ! ನನಗೆ ನಿಜಕ್ಕೂ ಮೈ ನಡುಗಿದ್ದು ಅಲ್ಲಿ. ಜಂತುಗಳು ಹಸಿವಿಗೆ ತಿನ್ನುತ್ತವೆ, ಪಾಪ.

ನಾಗರಾಜ ಚಿಕ್ಕಪ್ಪ, 9:08: ಮುಗಿಯಿತು. ಈಗ ಒಂದು ಮಾತು ಕೇಳುತ್ತೇನೆ, ಉತ್ತರಿಸಿ. ಅವಳು ಆ ಹುಡುಗನನ್ನೇ ಬಲಿ ಕೇಳಿದ್ದಳು. ಹುಡುಗ ಸತ್ತ, ಕಾವಳ ಸರಿಯಿತು. ಅವಳ ಮಾತೇ ನಿಜವಾಯಿತಲ್ಲ?

ಗುಂಪಿನಲ್ಲಿ ಮೂರು ಜನ ಒಟ್ಟಿಗೆ ಬರೆಯುತ್ತಿದ್ದಾರೆಂದು ಮೊಬೈಲ್ ತೋರಿಸಿತು. ಚಿಕ್ಕಪ್ಪ ಸಿನಿಮಾವನ್ನು ಹಾರಿಸಿ ಹಾರಿಸಿ ನೋಡಿದ್ದಾರೆ ಎಂಬುದು ನನ್ನ ಅನುಮಾನ; 126 ನಿಮಿಷದ್ದು ಅದು. ಆದರೂ ಪ್ರಶ್ನೆ ಒಳ್ಳೆಯದು.

ಸುಮಾ ಅತ್ತೆ, 9:10: ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವುದು ಇದಕ್ಕೇ. ಹಾಗೆ ನೋಡಿದರೆ ನಿನ್ನೆ ನಾನು ಛತ್ರಿ ಒಣಗಲು ಇಟ್ಟ ಮೇಲೆಯೇ ಮಳೆ ನಿಂತದ್ದು.

ನಾನು, 9:11: ಚಿಕ್ಕಪ್ಪ, ಹಾದುಹೋಗುವ ಸೇನೆಯ ಟ್ರಕ್ಕುಗಳಲ್ಲಿ ಆಗಲೇ ಬದುಕುಳಿದವರು ತುಂಬಿದ್ದಾರೆ. ಅಂದರೆ ರಕ್ಷಣೆಯ ಕೆಲಸ ಗುಂಡಿನ ಸದ್ದಿಗೆ ಮೊದಲೇ ಶುರುವಾಗಿದೆ. ಕಾರಿನೊಳಗಿದ್ದವರಿಗೆ ಅದು ಗೊತ್ತಿರಲಿಲ್ಲ.

ಗಿರೀಶ ಭಾವ, 9:14: ಹೇಗೂ ಕೊನೆ ಗೊತ್ತಾಯಿತಲ್ಲ, ನಾನೂ ಓಡಿಸಿ ಮುಗಿಸಿದೆ. ಒಂದು ಲೆಕ್ಕ ನೋಡಿ. ಕಾರಿನಲ್ಲಿ ಐದು ಜನ, ಪಿಸ್ತೂಲಿನಲ್ಲಿ ನಾಲ್ಕು ಗುಂಡು, ಆದ್ದರಿಂದ ತಂದೆಯೊಬ್ಬ ಉಳಿದ. ಅಂಗಡಿಯ ಆಲಿ ಕಾರ್ಮೋಡಿಗೆ ಎರಡು ಗುಂಡು ಹೊಡೆದಿದ್ದ. ಅವಳನ್ನು ಒಂದೇ ಗುಂಡಿಗೆ ಮುಗಿಸಿದ್ದರೆ ಡೇವಿಡ್‌ಗೂ ಒಂದು ಇರುತ್ತಿತ್ತು.

ಅಮ್ಮ, 9:15: ಇದೆಂಥ ಲೆಕ್ಕ! ಊಟ ಮಾಡುತ್ತಿದ್ದೇನೆ.

ದೊಡ್ಡಪ್ಪ, 9:22: ಮೂಲ ಕಥೆಯನ್ನು ಅಕ್ಷತಾ ತಂದುಕೊಟ್ಟಿದ್ದಳು, ಓದಿದ್ದೇನೆ. ಸ್ಟೀಫನ್ ಕಿಂಗ್ ಬರೆದದ್ದು, 1980ರಲ್ಲಿ ಅಚ್ಚಾಯಿತು. ಅದರಲ್ಲಿ ಯಾರೂ ಮಗನನ್ನು ಕೊಲ್ಲುವುದಿಲ್ಲ. ರೇಡಿಯೊದ ಗೊರಗೊರ ಸದ್ದಿನ ನಡುವೆ ಹಾರ್ಟ್‌ಫರ್ಡ್ ಎಂಬ ಒಂದು ಊರಿನ ಹೆಸರು ಕೇಳಿದಂತಾಗುತ್ತದೆ, ಆ ಎಳೆ ಹಿಡಿದುಕೊಂಡು ಮುಂದೆ ಹೋಗುತ್ತಾರೆ. ಓದುವವನಿಗೂ ಉಸಿರಾಡಲು ಜಾಗವಿದೆ. ಸಿನಿಮಾದವನು ಆ ಜಾಗವನ್ನೂ ಮುಚ್ಚಿದ.

ನಾನು, 9:24: ಆದರೆ ದೊಡ್ಡಪ್ಪ, ಈ ಕೊನೆಯನ್ನು ಕಿಂಗ್ ಅವರೇ ಮೆಚ್ಚಿಕೊಂಡಿದ್ದಾರೆ. ಅಲ್ಲದೆ ಜಂತುಗಳ ಕೈಗೆ ನನ್ನನ್ನು ಬಿಡಬೇಡ ಎಂದು ಮಗ ಮಾತು ತೆಗೆದುಕೊಂಡಿರುತ್ತಾನೆ. ತಂದೆ ಆ ಮಾತನ್ನು ಉಳಿಸಿಕೊಂಡ.

ದೊಡ್ಡಪ್ಪ, 9:27: ದಶರಥನೂ ಮಾತು ಉಳಿಸಿಕೊಂಡ, ಮಗನನ್ನು ಕಳೆದುಕೊಂಡ. ಆದರೆ ಅವನು ರಾಮನನ್ನು ಕಾಡಿಗೆ ಕಳುಹಿಸಿದ, ಬಾಣ ಬಿಡಲಿಲ್ಲ.

ಸುಮಾ ಅತ್ತೆ, 9:31: ನಾನು ಹೇಳುತ್ತಿರುವುದೂ ಇದನ್ನೇ. ಅಂಗಡಿಯಲ್ಲಿ ಅಷ್ಟು ಹೋರಾಡಿದವನು ಅವನು. ಗ್ರಹಣಾಂಗ ಬಂದಾಗ ಕೊಡಲಿ ಹಿಡಿದ, ಔಷಧದ ಅಂಗಡಿಯಲ್ಲಿ ಜೇಡಗಳ ನಡುವಿನಿಂದ ಬದುಕಿ ಬಂದ. ಕೊನೆಯಲ್ಲಿ ಕಾರಿನ ಹತ್ತಿರ ಏನಿತ್ತು? ಏನೂ ಇರಲಿಲ್ಲ! ಪೆಟ್ರೋಲ್ ಮುಗಿದಿತ್ತು, ದೂರದಲ್ಲಿ ಏನೋ ಸದ್ದು. ಅಷ್ಟಕ್ಕೇ ನಾಲ್ಕು ಜನರ ಜೀವ ತೆಗೆದ. ಹತ್ತು ನಿಮಿಷ ಸುಮ್ಮನೆ ಕೂರಬಾರದಿತ್ತೇ?

ನಾನು, 9:33: ದಾರಿಯಲ್ಲಿ ಹೆಂಡತಿಯ ಹೆಣ ಕಂಡು ಬಂದವನು ಅವನು, ಅತ್ತೆ. ಬಸ್ಸಿಗಿಂತ ದೊಡ್ಡ ಪ್ರಾಣಿಯೊಂದು ಕಾರಿನ ಪಕ್ಕದಲ್ಲೇ ಹೆಜ್ಜೆ ಹಾಕಿ ಹೋದದ್ದನ್ನೂ ನೋಡಿದ್ದ. ಅಲ್ಲಿ ಕುಳಿತವರಿಗೆ ಹತ್ತು ನಿಮಿಷ ಎಂದರೆ ಎಷ್ಟು?

ಸುಮಾ ಅತ್ತೆ, 9:34: ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೌಂಟರ್ ಹಿಂದೆ ಕುಳಿತವಳು. ಕೂರುವುದನ್ನು ನನಗೆ ಹೇಳಿಕೊಡಬೇಡ.

ಅಮ್ಮ, 9:40: ನಾನು ಆಗಲೇ ಕೇಳಿದೆ, ಯಾರೂ ಹೇಳಲಿಲ್ಲ. ಮಕ್ಕಳಿಗಾಗಿ ಒಬ್ಬಳೇ ಹೋದಳಲ್ಲ, ಆ ತಾಯಿ ಏನಾದಳು?

ನಾನು, 9:42: ಬದುಕಿದ್ದಾಳೆ, ಅಮ್ಮ. ಕೊನೆಯಲ್ಲಿ ಸೇನೆಯ ಒಂದು ಟ್ರಕ್ಕಿನಲ್ಲಿ ಇಬ್ಬರು ಮಕ್ಕಳನ್ನೂ ಪಕ್ಕದಲ್ಲಿ ಇಟ್ಟುಕೊಂಡು ನಿಂತಿರುತ್ತಾಳೆ. ರಸ್ತೆಯಲ್ಲಿರುವ ಡೇವಿಡ್‌ನನ್ನು ನೋಡುತ್ತಾಳೆ. ಒಂದು ಮಾತೂ ಆಡುವುದಿಲ್ಲ.

ಅಮ್ಮ, 9:44: ಹಾಗಿದ್ದರೆ ಸಿನಿಮಾ ಅವಳದ್ದು. ನೀವೆಲ್ಲ ಎರಡು ಗಂಟೆಯಿಂದ ಗುಂಡು ಎಣಿಸುತ್ತಿದ್ದೀರಿ.

ಸುಮಾ ಅತ್ತೆ, 9:46: ಅತ್ತಿಗೆ, ಅವಳ ಮುಖ ನನಗೂ ನೆನಪಿರಲಿಲ್ಲ.

ಗಿರೀಶ ಭಾವ, 9:48: ನಾನಾಗಿದ್ದರೆ ಅವಳ ಜೊತೆ ಹೋಗಿರುತ್ತಿದ್ದೆ. ಮನೆ ಎಷ್ಟು ದೂರ ಇದ್ದೀತು?

ನಾಗರಾಜ ಚಿಕ್ಕಪ್ಪ, 9:51: ಒಬ್ಬ ಹೆಣ್ಣುಮಗಳು ಬಾಯಿಬಿಟ್ಟು ಕೇಳಿದಾಗ ಇಲ್ಲ ಎನ್ನುವುದು ನಮ್ಮ ಮನೆತನದಲ್ಲೇ ಇಲ್ಲ.

ಇದಕ್ಕೆ ಹನ್ನೊಂದು ಜನ ಹೆಬ್ಬೆರಳು ಒತ್ತಿದರು. ನಾನೂ ಒತ್ತಿದೆ.

ಸಂಧ್ಯಾ, 10:09: ಬಸ್ ಹೊರಟಿತು. ಗುಂಪಿನಲ್ಲಿ ಇಷ್ಟೊಂದು ಸಂದೇಶ ಕಂಡು, ಉತ್ತರ ಬಂದಿರಬೇಕು ಎಂದು ಮೊದಲಿನಿಂದ ಓದಿದೆ. ಸಿಗಲಿಲ್ಲ. ಪರವಾಗಿಲ್ಲ, ಬೆಳಕಾಗುವವರೆಗೆ ನಿಲ್ದಾಣದಲ್ಲೇ ಕುಳಿತಿರುತ್ತೇನೆ.

ನಾನು ಮೇಲಕ್ಕೆ ಸರಿಸಿ ಹುಡುಕಿದೆ. 8:06. ಅದರ ಕೆಳಗೆ, ಒಂದೇ ನಿಮಿಷದ ನಂತರ, ಡಿವಿಡಿಯ ಬಗ್ಗೆ ನಾನೇ ಬರೆದದ್ದು. ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ದೊಡ್ಡಪ್ಪ, 10:13: ನಾಲ್ಕಕ್ಕೇ ಬಂದಿರುತ್ತೇನೆ, ಮಗಳೇ. ಕಾವಳ ದಟ್ಟವಾಗಿದೆ. ಇಳಿದಲ್ಲೇ ನಿಲ್ಲು, ಟಾರ್ಚ್ ಬಿಡುತ್ತೇನೆ.

ಗಿರೀಶ ಭಾವ, 10:14: ನಾನು ಮೈಸೂರಿನಲ್ಲಿದ್ದೇನೆ, ಇಲ್ಲದಿದ್ದರೆ ಖಂಡಿತ

ಅಮ್ಮ, 10:14: ಅಳಿಯಂದಿರೇ, ಮಲಗಿಕೊಳ್ಳಿ.