ಕಣ್ಣಿನೊಳಗಿನ ‘ಊತ’, ಔಷಧದ ‘ವಾಸಿ’: ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆಯವರ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ಆಗುವ ಊತ ಮತ್ತು ಅದಕ್ಕಿರುವ ಚಿಕಿತ್ಸೆಗಳ ಬಗ್ಗೆ ಕರಪತ್ರ ಬರೆಯುತ್ತಿದ್ದೇನೆ. ಎರಡು ಪದಗಳು ಕಾಡುತ್ತಿವೆ.

ಮೊದಲನೆಯದು ‘ಊತ’. ಕರಡನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರಿಗೆ ಹದಿನೈದು ವರ್ಷದಿಂದ ಶುಗರ್ ಇದೆ. ‘ಕಣ್ಣಿನಲ್ಲಿ ಊತ’ ಅಂದ ಕೂಡಲೇ ಕನ್ನಡಕ ತೆಗೆದು ರೆಪ್ಪೆ ಮುಟ್ಟಿ ನೋಡಿಕೊಂಡರು. “ನಂಗೇನೂ ಊದಿಲ್ವಲ್ಲ, ಹಾಗಾದ್ರೆ ನಂಗಿಲ್ಲ ಬಿಡು” ಅಂದರು. ನನಗೆ ಭಯವಾದದ್ದು ಅಲ್ಲೇ. ಈ ಊತ ಹೊರಗೆ ಕಾಣುವುದಿಲ್ಲ, ನೋಯುವುದೂ ಇಲ್ಲ. ಓದಲು, ಮುಖ ಗುರುತಿಸಲು ಬೇಕಾದ ರೆಟಿನಾದ ನಡುಭಾಗದಲ್ಲಿ ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ, ಆ ಜಾಗ ದಪ್ಪಗಾಗುತ್ತದೆ.

‘ಬಾವು’ ಅನ್ನೋಣವೆಂದರೆ ಕೆಚ್ಚಲು ಬಾವು ನೆನಪಾಗುತ್ತದೆ. ಬಿಸಿ, ನೋವು, ಕೀವು ಎಲ್ಲ ಅದರ ಜೊತೆಗೇ ಬರುತ್ತವೆ. ರೆಟಿನಾಕ್ಕೆ ‘ಒಳಪೊರೆ’ ಅಂತ ಬರೆದರೆ, ಪೊರೆ ಆಪರೇಷನ್ ಮಾಡಿಸಿದರೆ ಸರಿಹೋಗುತ್ತೆ ಅಂದುಕೊಳ್ಳುತ್ತಾರೆ. ಈ ಊತಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಪೊರೆ ಬರುವುದೂ ಉಂಟು. ಒಂದೇ ಪುಟದಲ್ಲಿ ಎರಡು ‘ಪೊರೆ’ ಬೇಡವೇ ಬೇಡ. ಸದ್ಯಕ್ಕೆ ‘ಕಣ್ಣಿನ ಹಿಂಭಾಗದ ಪರದೆಯಲ್ಲಿ ನೀರು ಜಿನುಗಿ ಊದುವುದು’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯ್ತು, ಅಲ್ವಾ?

ಎರಡನೆಯದು ‘ವಾಸಿ’. ಇದು ಇನ್ನೂ ಕಷ್ಟ. ಹಿಂದೆ ಲೇಸರ್ ಒಂದೇ ದಾರಿಯಾಗಿತ್ತು, ಈಗ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗಳಿವೆ. ಅಂಥ ಮೂರನ್ನು ಹೋಲಿಸಿದ ಅಮೆರಿಕದ ದೊಡ್ಡ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಭಾಗವಹಿಸಿದವರು 660 ಮಂದಿ. ದೃಷ್ಟಿ ಸ್ವಲ್ಪವೇ ಕಡಿಮೆಯಾಗಿದ್ದವರಲ್ಲಿ ಒಂದು ವರ್ಷದ ನಂತರ ಮೂರೂ ಹೆಚ್ಚುಕಮ್ಮಿ ಒಂದೇ. ದೃಷ್ಟಿ 20/50 (ಸರಿಯಾದ ಕಣ್ಣು 50 ಅಡಿಯಿಂದ ಓದುವುದನ್ನು 20 ಅಡಿಯಿಂದಷ್ಟೇ ಓದಬಲ್ಲದ್ದು) ಅಥವಾ ಅದಕ್ಕಿಂತ ಕಡಿಮೆ ಇದ್ದವರು ಚಾರ್ಟಿನಲ್ಲಿ ಸರಾಸರಿ ಇಷ್ಟು ಅಕ್ಷರ ಜಾಸ್ತಿ ಓದಿದರು: ಅಫ್ಲಿಬರ್ಸೆಪ್ಟ್‌ನಲ್ಲಿ 18.9, ರಾನಿಬಿಝುಮ್ಯಾಬ್‌ನಲ್ಲಿ 14.2, ಬೆವಾಸಿಝುಮ್ಯಾಬ್‌ನಲ್ಲಿ 11.8. ಎರಡನೇ ವರ್ಷದ ಹೊತ್ತಿಗೆ ಮೊದಲೆರಡರ ನಡುವಿನ ಅಂತರ ಗಟ್ಟಿಯಾಗಿ ಉಳಿಯಲಿಲ್ಲ.

ಇದನ್ನು ‘ಇಂಥವರಿಗೆ ಅಫ್ಲಿಬರ್ಸೆಪ್ಟ್ ವಾಸಿ’ ಅಂತ ಬರೆದೆ. ಓದಿದ ಗೆಳೆಯ, “ಹಾಗಾದ್ರೆ ಅದು ಹಾಕಿಸಿದ್ರೆ ವಾಸಿಯಾಗುತ್ತಾ?” ಅಂತ ಕೇಳಿದ. ‘ಅದಕ್ಕಿಂತ ಇದು ವಾಸಿ’ ಎಂಬ ವಾಸಿಯೂ ‘ಜ್ವರ ವಾಸಿಯಾಯ್ತು’ ಎಂಬ ವಾಸಿಯೂ ಒಂದೇ ಪದ ನೋಡಿ. ಇಲ್ಲಿ ಯಾವ ಔಷಧವೂ ಕಾಯಿಲೆಯನ್ನು ಬುಡಸಮೇತ ತೆಗೆಯುವುದಿಲ್ಲ. ಊತ ಇಳಿಸುತ್ತದೆ, ಅಷ್ಟೇ. ಇಂಜೆಕ್ಷನ್ ಮತ್ತೆ ಮತ್ತೆ ಬೇಕಾಗುತ್ತದೆ. ಬೆವಾಸಿಝುಮ್ಯಾಬ್‌ನ ಬೆಲೆ ಉಳಿದೆರಡಕ್ಕಿಂತ ತುಂಬಾ ಕಡಿಮೆ. ನನ್ನ ಒಂದು ಪದ ನಂಬಿ ಯಾರಾದರೂ ಸುಮ್ನೆ ಸಾಲ ಮಾಡಿದರೆ?

‘ಗುಣ’ಕ್ಕೂ ಇದೇ ತೊಂದರೆ. ‘ಉತ್ತಮ’ ಅಂದರೆ ಎಲ್ಲರಿಗೂ ಅದೇ ಉತ್ತಮ ಅನ್ನಿಸುತ್ತದೆ. ‘ದೃಷ್ಟಿ ಜಾಸ್ತಿ ಸುಧಾರಿಸಿತು’ ಅಂತ ತಿದ್ದಿದ್ದೇನೆ. ಇದಕ್ಕಿಂತ ಚುರುಕಾದ ಮಾತು ನಿಮ್ಮಲ್ಲಿದೆಯೇ? ಧಾರವಾಡದ ಕಡೆಯವರು ಇನ್ನೊಂದು ಹೇಳಿ: ನಿಮ್ಮಲ್ಲಿ ‘ಬಾವು’ ಅಂದರೆ ಕೀವಿಲ್ಲದ, ನೋವಿಲ್ಲದ ಊತವೂ ಆಗುತ್ತದೆಯೇ?