ಪುಟ್ಟಿಯ ಐಸ್ ಉಂಡೆ ಯಾಕೆ ಬೇಗ ಕರಗಿತು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ನಡೆದ ಚರ್ಚೆ ಇದು. ಹೆಸರುಗಳು ನನ್ನ ಫೋನಿನಲ್ಲಿ ಹೇಗಿವೆಯೋ ಹಾಗೇ ಇವೆ. ಪುಟ್ಟಿ ನನ್ನ ಅಣ್ಣನ ಮಗಳು, ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ನಡುವೆ ಬಂದ ಶುಭೋದಯ, ಹೂವಿನ ಚಿತ್ರ ಎಲ್ಲ ತೆಗೆದಿದ್ದೇನೆ. ಮಕ್ಕಳ ಜೊತೆ ಇದೇ ಪ್ರಯೋಗ ಮಾಡುವವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಅತ್ತಿಗೆ: (ಚಾರ್ಟಿನ ಫೋಟೋ) ಗುರುವಾರ ಉಪಜಿಲ್ಲಾ ಶಾಸ್ತ್ರೋತ್ಸವ, ಅಂದರೆ ಶಾಲಾ ಮಕ್ಕಳ ವಿಜ್ಞಾನ ಮೇಳ. ಪುಟ್ಟಿಯ ಪ್ರಯೋಗ ನೋಡಿ ಎಲ್ಲರೂ. ಒಂದೇ ಅಳತೆಯ ನೀರು, 200 ಮಿಲಿಲೀಟರ್. ಮೂರು ಆಕಾರದ ಐಸ್. ಬಿಸ್ಕೆಟ್ ಡಬ್ಬಿಯ ಮುಚ್ಚಳದಲ್ಲಿ ಹಲಗೆ, ಚೌಕದ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ, ಬಲೂನಿನಲ್ಲಿ ಉಂಡೆ. ಹಲಗೆ ಮೊದಲು ಕರಗಿತು, ಆಮೇಲೆ ಉಂಡೆ, ಕೊನೆಗೆ ಚೌಕ.

ಪುತ್ತೂರು ಭಾವ: ಚಾರ್ಟ್ ಚಂದ ಉಂಟು. ಆದರೆ ಉತ್ತರ ತಪ್ಪಲ್ವಾ? ಉಂಡೆ ಕೊನೆಗೆ ಕರಗಬೇಕು. ಮೊನ್ನೆ ಒಂದು ವಿಡಿಯೊ ಕಳಿಸಿದ್ದೆನಲ್ಲ, ಉಂಡೆ ಐಸ್ ಹಾಕಿದರೆ ಜ್ಯೂಸ್ ಗಂಟೆಗಟ್ಟಲೆ ತಣ್ಣಗೆ ಇರುತ್ತದೆ ಅಂತ.

ಅತ್ತಿಗೆ: ಅಯ್ಯೋ. ಹಾಗಾದರೆ ಎರಡು ಸಾಲು ಅದಲುಬದಲು ಮಾಡಿಬಿಡುತ್ತೇನೆ. ಮೇಲೆ ಕಾಗದ ಅಂಟಿಸಿದರೆ ಆಯಿತು.

ನಾನು: ಬೇಡ ಅತ್ತಿಗೆ, ದಯವಿಟ್ಟು ಬೇಡ. ಅವಳು ಕಣ್ಣಾರೆ ನೋಡಿದ್ದನ್ನು ಬರೆದಿದ್ದಾಳೆ. ಉಂಡೆ ಎರಡನೆಯದಾಗಿ ಕರಗಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು.

ದೊಡ್ಡಪ್ಪ: ಕಾರಣ ನಾನು ಹೇಳುತ್ತೇನೆ. ಆಕಾರಕ್ಕೂ ಕರಗುವುದಕ್ಕೂ ಸಂಬಂಧವೇ ಇಲ್ಲ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಬೇಕು. 200 ಗ್ರಾಮಿಗೆ 16,000. ಉಂಡೆ ಆದರೂ ಅಷ್ಟೇ, ಚೌಕ ಆದರೂ ಅಷ್ಟೇ. ಸ್ಕಾಟ್ಲೆಂಡಿನ ವಿಜ್ಞಾನಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲೇ ಈ ಸುಪ್ತ ಶಾಖದ ಲೆಕ್ಕ ಹೇಳಿಕೊಟ್ಟಿದ್ದಾನೆ. ಪಾಠ ಮಾಡುವಾಗ ನಾನು ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ.

ನಾನು: ದೊಡ್ಡಪ್ಪ, 16,000 ಸರಿಯೇ. ಆದರೆ ಆ ಶಾಖ ಐಸಿನ ಒಳಗೆ ಹೋಗುವುದು ಮೈಯ ಮೂಲಕ. ಮೈ ಎಷ್ಟು ಅಗಲ ತೆರೆದಿದೆ ಅನ್ನುವುದು ಆಕಾರದ ಮೇಲೆ ಹೋಗುತ್ತದೆ. ಅಂಗಳದಲ್ಲಿ ಅಡಿಕೆ ಹರಡುತ್ತೇವಲ್ಲ. ಇಡೀ ಅಡಿಕೆ ಒಣಗಲು ಒಂದೂವರೆ ತಿಂಗಳು ಬೇಕು, ಅದನ್ನೇ ಹೋಳು ಮಾಡಿ ಹಾಕಿದರೆ ಬೇಗ ಒಣಗುತ್ತದೆ. ಒಳಗಿನ ನೀರು ಅಷ್ಟೇ, ದಾರಿ ಜಾಸ್ತಿ.

ದೊಡ್ಡಪ್ಪ: ಹಾಗಾದರೆ ಅಂಕಿ ಕೊಡು. ಮಾತು ಬೇಡ.

ನಾನು: 200 ಗ್ರಾಂ ನೀರು ಐಸ್ ಆದರೆ ಸುಮಾರು 218 ಘನ ಸೆಂಟಿಮೀಟರ್ ಆಗುತ್ತದೆ, ಹೆಪ್ಪುಗಟ್ಟುವಾಗ 9 ಶೇಕಡಾ ಹಿಗ್ಗುತ್ತದೆ. ಲೆಕ್ಕ ಸುಲಭ ಆಗಲಿ ಅಂತ 216 ಅನ್ನೋಣ. 6 ಸೆಂಟಿಮೀಟರ್ ಚೌಕದ ಗಟ್ಟಿಗೆ ಮೈ 216 ಚದರ ಸೆಂಟಿಮೀಟರ್. ಅಷ್ಟೇ ಐಸಿನ ಉಂಡೆಗೆ 174. 12 ಅಗಲ, 18 ಉದ್ದ, 1 ದಪ್ಪದ ಹಲಗೆಗೆ 492. ಹಲಗೆ ಯಾಕೆ ಮೊದಲು ಹೋಯಿತು ಅಂತ ಇದರಲ್ಲೇ ಕಾಣುತ್ತದೆ.

ಪುತ್ತೂರು ಭಾವ: ನೋಡಿ! ಉಂಡೆಗೇ ಎಲ್ಲಕ್ಕಿಂತ ಕಮ್ಮಿ ಮೈ. ನಾನು ಹೇಳಿದ್ದು ಅದೇ.

ದೊಡ್ಡಪ್ಪ: ಮತ್ತೆ ಉಂಡೆ ಚೌಕಕ್ಕಿಂತ ಮೊದಲೇ ಕರಗಿದ್ದು ಯಾಕೆ? ಅದಕ್ಕೆ ಉತ್ತರ ಕೊಡಿ ಇಬ್ಬರೂ.

(ಇಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಭಾವನ ಹತ್ತಿರ ಸರಿ ಉತ್ತರ ಇತ್ತು, ಆದರೆ ಅದು ವಿಡಿಯೊದ್ದು. ಪುಟ್ಟಿಯ ಮೇಜಿನ ಮೇಲೆ ಏನಾಯಿತು ಅಂತ ಅದರಿಂದ ತಿಳಿಯುವುದಿಲ್ಲ.)

ಮಂಜೇಶ್ವರ ಮಾವ: ಈಗಷ್ಟೇ ಐಸ್ ಪ್ಲಾಂಟಿನಿಂದ ಬಂದು ಎಲ್ಲ ಓದಿದೆ. ಪುಟ್ಟೀ, ಫ್ರೀಜರಿನಲ್ಲಿ ಎಷ್ಟು ಹೊತ್ತು ಇಟ್ಟಿದ್ದೆ ಮಗಾ?

ಅತ್ತಿಗೆ: ಅವಳೇ ಟೈಪ್ ಮಾಡುತ್ತಾಳೆ, ಫೋನ್ ಕೊಟ್ಟೆ.

ಅತ್ತಿಗೆ: ಅಜ್ಜ, ನಾನು ಪುಟ್ಟಿ. ಮೂರನ್ನೂ ಸಮ ಹೊತ್ತು ಇಟ್ಟೆ. ಬೆಳಿಗ್ಗೆ ತಿಂಡಿ ಆದ ಮೇಲೆ ಇಟ್ಟು ಮಧ್ಯಾಹ್ನ ಊಟ ಆದ ಮೇಲೆ ತೆಗೆದೆ. ಮೂರೂ ಗಟ್ಟಿ ಆಗಿದ್ದವು. ಬಡಿದರೆ ಟಕಟಕ ಅನ್ನುತ್ತಿತ್ತು.

ಮಂಜೇಶ್ವರ ಮಾವ: ಅಲ್ಲೇ ಇದೆ ಸಂಗತಿ. ಹೊರಗೆ ಟಕಟಕ ಅಂದರೂ ಒಳಗೆ ನೀರು ಇರುತ್ತದೆ. ನಮ್ಮಲ್ಲಿ ಐಸ್ ಕ್ಯಾನನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಸುತ್ತೇವೆ. ಆ ನೀರು ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ. ಆದರೂ ಬ್ಲಾಕ್ ಕೂಡಲೇ ಗಟ್ಟಿ ಆಗುವುದಿಲ್ಲ. ಬದಿಯಿಂದ ಕಟ್ಟುತ್ತಾ ಬರುತ್ತದೆ, ನಡು ಕೊನೆಗೆ. ದಪ್ಪ ಎರಡು ಪಟ್ಟು ಆದರೆ ಹೊತ್ತು ಸುಮಾರು ನಾಲ್ಕು ಪಟ್ಟು ಬೇಕು. ಹೊಸ ಹುಡುಗರು ಅವಸರದಲ್ಲಿ ಕ್ಯಾನ್ ಎತ್ತಿದರೆ ಬ್ಲಾಕಿನ ಹೊಟ್ಟೆಯಲ್ಲಿ ನೀರು ಗುಳುಗುಳು ಅನ್ನುತ್ತದೆ. ಬ್ಲಾಕಿನ ನಡುವೆ ಬೆಳ್ಳಗೆ ಕಾಣುತ್ತದಲ್ಲ, ಅದು ನೀರಿನಲ್ಲಿದ್ದ ಗಾಳಿ. ಐಸ್ ಕಟ್ಟುವಾಗ ಗಾಳಿಯನ್ನು ಒಳಕ್ಕೆ ತಳ್ಳುತ್ತಾ ಹೋಗುತ್ತದೆ. ಕೊನೆಗೆ ಕಟ್ಟಿದ ಜಾಗ ಯಾವುದು ಅಂತ ಅದೇ ತೋರಿಸುತ್ತದೆ.

ನಾನು: ಮಾವ, ಇದು ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಉಂಡೆ ನಿಧಾನ ಕರಗುವುದಕ್ಕೆ ಯಾವುದು ಕಾರಣವೋ, ನಿಧಾನ ಕಟ್ಟುವುದಕ್ಕೂ ಅದೇ ಕಾರಣ. ಮೈ ಕಮ್ಮಿ, ನಡು ದೂರ.

ಮಂಜೇಶ್ವರ ಮಾವ: ಹೌದು ಮಗಳೇ. ಅದರ ಮೇಲೆ ಬಲೂನಿನ ರಬ್ಬರ್ ಬೇರೆ. ಚೌಕದ ಡಬ್ಬಿ ಸ್ಟೀಲಿನದ್ದು, ಫ್ರೀಜರಿನ ತಳಕ್ಕೆ ಒತ್ತಿ ಕೂರುತ್ತದೆ, ಬೇಗ ತಂಪು ಎಳೆಯುತ್ತದೆ. ಬಲೂನ್ ತಳಕ್ಕೆ ತಾಗುವುದು ಸ್ವಲ್ಪವೇ.

ದೊಡ್ಡಪ್ಪ: ಒಪ್ಪೋಣ. ನಡುವೆ ನೀರು ಇತ್ತು ಅನ್ನೋಣ. ಅದು ಎಷ್ಟು? ಉಂಡೆಯ ಅರ್ಧ ತ್ರಿಜ್ಯದವರೆಗೆ ನೀರೇ ಇತ್ತು ಅಂದರೂ, ಗಾತ್ರದಲ್ಲಿ ಎಂಟನೇ ಒಂದು ಭಾಗ. ಅಷ್ಟು ಸಣ್ಣ ಪಾಲಿನಿಂದ ಉಂಡೆ ಚೌಕದ ಹಿಂದೆ ಬೀಳಬೇಕಾದದ್ದು ಮುಂದೆ ಹೇಗೆ ಬಂತು?

ನಾನು: ದೊಡ್ಡಪ್ಪ, ಇದಕ್ಕೆ ಗಾತ್ರ ನೋಡಿದರೆ ಸಾಲದು, ದಪ್ಪ ನೋಡಬೇಕು. ಐಸ್ ಮೈಯಿಂದ ಒಳಕ್ಕೆ ಸವೆಯುತ್ತಾ ಹೋಗುತ್ತದೆ. ಎಲ್ಲ ಕಡೆ ಒಂದೇ ವೇಗದಲ್ಲಿ ಸವೆದರೆ, ಮುಗಿಯಲು ಬೇಕಾದ ಹೊತ್ತು ಮೈಯಿಂದ ನಡುವಿಗೆ ಇರುವ ದೂರದ ಮೇಲೆ ಹೋಗುತ್ತದೆ. ಹಲಗೆಗೆ ಅದು ಅರ್ಧ ಸೆಂಟಿಮೀಟರ್, ಚೌಕಕ್ಕೆ 3, ಉಂಡೆಗೆ 3.7. ಈಗ ಉಂಡೆಯ ಒಳಗೆ ಅರ್ಧ ದೂರದವರೆಗೆ ನೀರಿದ್ದರೆ, ಕರಗಬೇಕಾದ ಸಿಪ್ಪೆಯ ದಪ್ಪ 1.9 ಮಾತ್ರ. ಗಾತ್ರದಲ್ಲಿ ಎಂಟನೇ ಒಂದು ಭಾಗ ಹೋಯಿತು, ಹೊತ್ತಿನಲ್ಲಿ ಅರ್ಧವೇ ಹೋಯಿತು. ಚೌಕದ 3 ಇದಕ್ಕಿಂತ ಜಾಸ್ತಿ ಅಲ್ವಾ?

ದೊಡ್ಡಪ್ಪ: ತಾಳು. ಪೆನ್ಸಿಲು ತರುತ್ತೇನೆ.

ಬೆಂಗಳೂರು ಅಕ್ಕ: ನಾವು ಹೋದ ರಜೆಯಲ್ಲಿ ಇದನ್ನೇ ಮಾಡಿದ್ದೆವು. ನಮ್ಮಲ್ಲಿ ಎಲ್ಲವೂ ತುಂಬ ಹೊತ್ತು ತೆಗೆದುಕೊಂಡಿತು. ಪುಟ್ಟಿಯದ್ದು ಸಂಜೆಗೇ ಮುಗಿಯಿತಾ?

ನಾನು: ಅಕ್ಕ, ಊರಿಂದ ಊರಿಗೆ ಹೋಲಿಸಬಾರದು. ನಮ್ಮ ಕರಾವಳಿಯ ಗಾಳಿಯಲ್ಲಿ ಆವಿ ಜಾಸ್ತಿ. ಅದು ಐಸಿನ ತಣ್ಣನೆ ಮೈ ಮೇಲೆ ಹನಿ ಕಟ್ಟುತ್ತದೆ. ಹಾಗೆ ಕಟ್ಟುವಾಗ ಒಂದು ಗ್ರಾಂ ಆವಿ ಸುಮಾರು 600 ಕ್ಯಾಲೊರಿ ಬಿಟ್ಟುಕೊಡುತ್ತದೆ. ಅಷ್ಟು ಶಾಖಕ್ಕೆ ಏಳು ಗ್ರಾಮಿಗಿಂತ ಜಾಸ್ತಿ ಐಸ್ ಕರಗುತ್ತದೆ. ಬೆವರು ಸುರಿಯುವ ದಿನ ಐಸೂ ಬೇಗ ಹೋಗುತ್ತದೆ. ಅದಕ್ಕೇ ಮೂರು ಆಕಾರವನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ಇಡಬೇಕು. ಒಂದರ ಮೇಲೆ ಮಾತ್ರ ಫ್ಯಾನಿನ ಗಾಳಿ ಬೀಳಬಾರದು.

ಅತ್ತಿಗೆ: ಇಷ್ಟೆಲ್ಲ ಯಾರು ಕೇಳುತ್ತಾರೆ? ಬರುವವರು ಒಂದು ನಿಮಿಷ ನಿಂತು ಹೋಗುತ್ತಾರೆ. ಮೊದಲ ಬಹುಮಾನ ಅಲ್ಲದಿದ್ದರೂ ಗ್ರೇಡ್ ಆದರೂ ಬರಲಿ ಅಂತ ನನ್ನ ಆಸೆ. ತಪ್ಪು ಉತ್ತರ ಹಿಡಿದುಕೊಂಡು ಮಗು ಎಲ್ಲರೆದುರು ನಿಲ್ಲುವುದು ಬೇಡ.

ನಾನು: ಅತ್ತಿಗೆ, ನಿಮ್ಮ ಚಿಂತೆ ಅರ್ಥ ಆಗುತ್ತದೆ. ಆದರೆ ಸಾಲು ಬದಲಿಸಿದರೆ ಅವಳು ಒಂದು ವಿಷಯ ಕಲಿಯುತ್ತಾಳೆ, ಪುಸ್ತಕದ ಜೊತೆ ಹೊಂದದಿದ್ದರೆ ಕಣ್ಣಿಗೆ ಕಂಡದ್ದನ್ನು ಅಳಿಸಬೇಕು ಅಂತ. ಅದನ್ನು ಅವಳು ಕಲಿಯುವುದು ನನಗೆ ಇಷ್ಟ ಇಲ್ಲ. ಮೊದಲ ಪಟ್ಟಿ ಹಾಗೇ ಇರಲಿ. ಪಕ್ಕದಲ್ಲಿ ಎರಡನೇ ಪಟ್ಟಿ ಬರಲಿ, ಪೂರ್ತಿ ಕಟ್ಟಿದ ಐಸಿನದ್ದು. ಉಂಡೆ ಮೊದಲ ಸಲ ಯಾಕೆ ಸೋತಿತು ಅಂತ ಅವಳೇ ಹೇಳಲಿ. ಬರೀ ಸರಿ ಉತ್ತರ ಇಟ್ಟ ಮಕ್ಕಳು ಹತ್ತು ಜನ ಇರಬಹುದು. ಈ ಪ್ರಶ್ನೆ ಅವಳ ಹತ್ತಿರ ಮಾತ್ರ ಇದೆ.

ಪುತ್ತೂರು ಭಾವ: ಅದು ಹೌದು. ಆದರೆ ಎರಡನೇ ಸಲವೂ ಉಂಡೆ ಮೊದಲೇ ಕರಗಿದರೆ?

ನಾನು: ಅದನ್ನೂ ಬರೆಯುವುದು, ಮತ್ತೆ ಕಾರಣ ಹುಡುಕುವುದು.

ಮಂಜೇಶ್ವರ ಮಾವ: ಪುಟ್ಟೀ, ಈ ಸಲ ಒಂದು ದಿನ ಪೂರ್ತಿ ಒಳಗಿರಲಿ. ಫ್ರೀಜರ್ ಬಾಗಿಲು ಪದೇ ಪದೇ ತೆಗೆಯಬೇಡ. ಮೂರೂ ಆಕಾರದಲ್ಲಿ ಒಂದೊಂದು ಜಾಸ್ತಿ ಮಾಡು, ಕರಗಿಸುವ ಮೊದಲು ಅವನ್ನು ಸುತ್ತಿಗೆಯಿಂದ ಒಡೆದು ನೋಡು. ನಡು ಕಟ್ಟಿದೆಯಾ ಅಂತ ಗೊತ್ತಾಗುತ್ತದೆ. ಮತ್ತೆ, ತಟ್ಟೆಯಲ್ಲಿ ಇಟ್ಟಿದ್ದೆಯಾ ಕರಗಲಿಕ್ಕೆ?

ಅತ್ತಿಗೆ: ಹೌದು ಅಜ್ಜ, ಸ್ಟೀಲ್ ತಟ್ಟೆಯಲ್ಲಿ. (ಪುಟ್ಟಿ)

ಮಂಜೇಶ್ವರ ಮಾವ: ತಟ್ಟೆ ಬೇಡ. ಲೋಹ ಕೋಣೆಯ ಬಿಸಿಯನ್ನು ಎಳೆದು ಐಸಿಗೆ ಕೊಡುತ್ತದೆ. ಹಲಗೆ ಅದರ ಮೇಲೆ ಮಲಗಿರುತ್ತದೆ, ಉಂಡೆ ತುದಿಯಲ್ಲಿ ಮಾತ್ರ ನಿಂತಿರುತ್ತದೆ. ಅದು ನ್ಯಾಯ ಅಲ್ಲ. ಕರಗಿದ ನೀರೂ ಸುತ್ತ ನಿಲ್ಲುತ್ತದೆ. ಪ್ಲಾಸ್ಟಿಕ್ ಜರಡಿಯ ಮೇಲಿಡು, ಕೆಳಗೆ ಪಾತ್ರೆ. ಬಿದ್ದ ನೀರನ್ನು ಅರ್ಧ ಗಂಟೆಗೊಮ್ಮೆ ಅಳೆದರೆ ಇನ್ನೂ ಒಳ್ಳೆಯದು, ಕೊನೆಯ ಚೂರಿಗೆ ಕಾಯಬೇಕಾಗಿಲ್ಲ.

ದೊಡ್ಡಪ್ಪ: ಲೆಕ್ಕ ಮಾಡಿ ನೋಡಿದೆ. ದಪ್ಪದ ಮಾತು ಸರಿ ಉಂಟು. ಚೌಕದ ಮೂಲೆಗಳು ಬೇಗ ಸವೆದು ಅದೂ ದುಂಡಗಾಗುತ್ತಾ ಹೋಗುತ್ತದೆ, ಹಾಗಾಗಿ ನಿನ್ನ 3 ಅನ್ನುವುದು ಅಂದಾಜು. ಆದರೆ 16,000 ಕ್ಯಾಲೊರಿಯನ್ನೂ ಚಾರ್ಟಿನಲ್ಲಿ ಬರೆಯಬೇಕು. ಬೇಕಾದ ಶಾಖ ಮೂರಕ್ಕೂ ಒಂದೇ, ಸಿಗುವ ವೇಗ ಬೇರೆ. ಎರಡೂ ಇದ್ದರೆ ಮಾತ್ರ ವಿಷಯ ಪೂರ್ತಿ.

ನಾನು: ಖಂಡಿತ ಬರೆಸುತ್ತೇನೆ ದೊಡ್ಡಪ್ಪ. ಅದು ಮೊದಲ ಸಾಲಿನಲ್ಲೇ ಬರಬೇಕು.

ದೊಡ್ಡಪ್ಪ: ಇನ್ನೊಂದು. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಕಲ್ಕತ್ತಕ್ಕೆ ಹಡಗಿನಲ್ಲಿ ಐಸ್ ಬಂತು. 180 ಟನ್ ಹೊರಟು, ನಾಲ್ಕು ತಿಂಗಳ ಮೇಲೆ ಸುಮಾರು 100 ಟನ್ ಮುಟ್ಟಿತು. ಮದರಾಸಿನ ಕಡಲ ತೀರದಲ್ಲಿ ಹಾಗೆ ಹಡಗಿನಲ್ಲಿ ಬರುತ್ತಿದ್ದ ಐಸ್ ಇಡಲು ಆಮೇಲೆ ಕಟ್ಟಿಸಿದ ಮನೆ ಈಗಲೂ ಇದೆ. ಫ್ರಿಜ್ ಇಲ್ಲದ ಕಾಲ ಅದು. ದೊಡ್ಡ ದೊಡ್ಡ ಗಟ್ಟಿಗಳನ್ನು ಸಂದಿಲ್ಲದೆ ಒತ್ತಿ ಜೋಡಿಸುತ್ತಿದ್ದರು, ಹೊರಗಿನ ಗಾಳಿಗೆ ಸಿಗುವ ಮೈ ಕಮ್ಮಿ ಆಗಲಿ ಅಂತ. ಪುಟ್ಟಿ ಇದನ್ನೂ ಹೇಳಬಹುದು.

ಮಂಜೇಶ್ವರ ಮಾವ: ಸರಿಯಾಗಿ ಹೇಳಿದಿರಿ ಭಾವ. ನಾವೂ ಕಾಯ್ದಿಡುವಾಗ ಬ್ಲಾಕ್ ಒಡೆಯುವುದಿಲ್ಲ. ಮೀನಿಗೆ ಹಾಕುವ ಹೊತ್ತಿಗೆ ಮಾತ್ರ ಪುಡಿ. ಪುಡಿ ಐಸ್ ಮೀನಿನ ಮೈಗೆ ಎಲ್ಲ ಕಡೆ ತಾಗಿ ಬೇಗ ತಂಪು ಮಾಡುತ್ತದೆ, ಹಾಗೆಯೇ ಬೇಗ ಮುಗಿಯುತ್ತದೆ ಕೂಡ.

ಅತ್ತಿಗೆ: ನಾನು ಪುಟ್ಟಿ. ಅಜ್ಜ, ಐಸನ್ನು ಸಮುದ್ರದ ನೀರಿಗೆ ಹಾಕಿದರೆ ಬೇಗ ಕರಗುತ್ತದಾ? ಉಪ್ಪು ಹಾಕಿದರೆ ಐಸ್ ಕರಗುತ್ತದೆ ಅಂತ ಟೀಚರ್ ಹೇಳಿದ್ದಾರೆ.

ದೊಡ್ಡಪ್ಪ: ಟೀಚರ್ ಹೇಳಿದ್ದು ಐಸಿನ ಮೇಲೆ ಉಪ್ಪು ಉದುರಿಸುವ ಮಾತು. ಲೋಟದಲ್ಲಿ ಕದಡದೆ ಇಟ್ಟರೆ ಉಲ್ಟಾ ಕಾಣುತ್ತದೆ ಮಗಾ. ಸಿಹಿನೀರಿನಲ್ಲಿ ಕರಗಿದ ತಣ್ಣನೆ ನೀರು ಭಾರ, ಕೆಳಗೆ ಇಳಿಯುತ್ತದೆ, ಬೆಚ್ಚಗಿನ ನೀರು ಐಸಿನ ಹತ್ತಿರ ಬರುತ್ತದೆ. ಉಪ್ಪುನೀರು ಇನ್ನೂ ಭಾರ. ಅದರಲ್ಲಿ ಕರಗಿದ ನೀರು ಮೇಲೆಯೇ ತೇಲಿ ಐಸನ್ನು ತಣ್ಣಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಉಪ್ಪುನೀರಿನಲ್ಲಿ ನಿಧಾನ. ಬಣ್ಣ ಹಾಕಿದ ಐಸ್ ಮಾಡಿ ನೋಡು, ಕಣ್ಣಿಗೇ ಕಾಣುತ್ತದೆ. ಗುರುವಾರ ಕಳೆದ ಮೇಲೆ ನಾನೇ ಬಂದು ಮಾಡಿಸುತ್ತೇನೆ.

ಅತ್ತಿಗೆ: ಸರಿ, ಕಾಗದ ಅಂಟಿಸುವುದಿಲ್ಲ. ಆದರೆ ಈ ಚಾರ್ಟಿನಲ್ಲಿ ಇನ್ನೊಂದು ಪಟ್ಟಿಗೆ ಜಾಗ ಇಲ್ಲ. ಭಾವ, ನೀವು ಮಂಗಳವಾರ ಈ ಕಡೆ ಬರುತ್ತೀರಲ್ಲ, ಬಿಳಿ ಚಾರ್ಟ್ ಎರಡು ತನ್ನಿ. ಬಲೂನೂ ಬೇಕು, ದೊಡ್ಡದು. ಫ್ರೀಜರಿನಲ್ಲಿದ್ದ ಮೀನು ಇವತ್ತೇ ಸಾರು ಮಾಡುತ್ತೇನೆ, ಇಲ್ಲದಿದ್ದರೆ ಆರು ಐಸಿಗೆ ಜಾಗ ಆಗುವುದಿಲ್ಲ.